ಫಿಲ್ಮಿನ ಅಂಚು ನೋಡುವ ಬಾಯಾರು

ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಎಲುಬು ಮುರಿದುಕೊಂಡವರಲ್ಲಿ ಅರ್ಧ ಮಂದಿಯಾದರೂ ಒಬ್ಬ ಎಕ್ಸರೇ ಡಾಕ್ಟರಮ್ಮನ ಕೈಯಲ್ಲಿ ಬೈಸಿಕೊಂಡಿದ್ದಾರೆ. ಉಳಿದ ಅರ್ಧ ಮಂದಿ ಬೇರೆಲ್ಲೋ ಎಕ್ಸರೇ ತೆಗೆಸಿ, ಅದು ಸರಿಬಾರದೆ, ಕಡೆಗೆ ಇವರ ಹತ್ತಿರವೇ ಬಂದು ಎರಡು ಪಾಲು ಬೈಸಿಕೊಂಡಿದ್ದಾರೆ. ಅವರ ಹೆಸರು ನಾನು ಬರೆಯುವುದಿಲ್ಲ. ಪತ್ರಿಕೆಯವರೊಬ್ಬರು ಒಮ್ಮೆ ಇವರ ಬಗ್ಗೆ ಬರೆಯುತ್ತೇನೆಂದು ಬಂದಾಗ, "ನಾ ಏನ್ ಎಲೆಕ್ಷನ್ನಿಗೆ ನಿಂತೇನೇನ್ರಿ?" ಎಂದು ಕೇಳಿ, ಚಹಾ ಕುಡಿಸಿ, ಬಾಗಿಲು ತೋರಿಸಿದವರು. ಹೋದ ತಿಂಗಳು ತೀರಿಕೊಂಡರು. ಆದರೂ ಹೆಸರು ಹಾಕಿದರೆ ಎದ್ದು ಬಂದಾರು ಎಂಬ ಅಂಜಿಕೆ ನನಗೆ ಇನ್ನೂ ಹೋಗಿಲ್ಲ.

ಎಲ್ಲರಿಗೂ ಅವರು ಬಾಯಾರು; ಹೆಂಗಸರನ್ನು ಗೌರವದಿಂದ ನಮ್ಮ ಕಡೆ ಹಾಗೆ ಕರೆಯುತ್ತಾರೆ. ದೇಶಪಾಂಡೆ ನಗರದ ಒಂದು ಹಳೆಯ ಮನೆಯ ಕೆಳಗಿನ ಭಾಗದಲ್ಲಿ ಅವರ ಎಕ್ಸರೇ ಕ್ಲಿನಿಕ್ಕು, ಮೇಲೆ ಮನೆ. ನಾನು ರೇಡಿಯಾಲಜಿ ಓದಿ ಮುಗಿಸಿ, ಧಾರವಾಡದಿಂದ ದಿನಾ ಬಸ್ಸು ಹತ್ತಿ ಬಂದು ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ನನ್ನ ಮಾತು ಕೇಳಿ, "ಧಾರವಾಡದವರ ಮಾತು ಭಾಳ ನಯಾ ತಮ್ಮಾ, ಆದ್ರ ಇಲ್ಲೆ ಮಷೀನಿನ ಸಪ್ಪಳದಾಗ ಯಾರಿಗೂ ಕೇಳಂಗಿಲ್ಲ. ಸ್ವಲ್ಪ ಒದರೂದು ಕಲೀರಿ" ಎಂದರು. ಒದರುವುದರಲ್ಲಿ ಅವರನ್ನು ಮೀರಿಸುವವರು ಆ ಓಣಿಯಲ್ಲಿ ಇರಲಿಲ್ಲ. "ಉಸರ ಹಿಡೀರಿ!" ಎಂದು ಅವರು ಒಳಗಿನಿಂದ ಕೂಗಿದರೆ, ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೂ ಹಿಡಿಯುತ್ತಿದ್ದರು. "ಬಿಡ್ರಿ" ಎಂದಾಗ ಇಡೀ ಮನೆಯೇ ಉಸ್ಸೆನ್ನುತ್ತಿತ್ತು. ಒಮ್ಮೆ ಹೆಬ್ಬಳ್ಳಿಯ ಒಬ್ಬ ಅಜ್ಜ ಹಿಡಿದ ಉಸಿರು ಬಿಡದೆ ಮುಖ ಕೆಂಪಗೆ ಮಾಡಿಕೊಂಡು ನಿಂತೇ ಇದ್ದ. ಬಾಯಾರು ಓಡಿಹೋಗಿ ಬೆನ್ನಿಗೊಂದು ಗುದ್ದು ಕೊಟ್ಟರು. "ಫೋಟೋ ಛಲೋ ಬರಲಿ ಅಂತ ಒಂದೀಟು ಜಾಸ್ತಿ ಹಿಡದಿದ್ನಿರಿ ಬಾಯಾರ" ಎಂದ ಅಜ್ಜ. ಅವನಿಗೆ ಅವತ್ತು ಚಹಾದ ಜೊತೆ ಖಾರದ ಮಂಡಕ್ಕಿ ಗಿರ್ಮಿಟ್ಟೂ ಸಿಕ್ಕಿತು.

ಗಿರ್ಮಿಟ್ಟು ಬಾಯಾರ ದೌರ್ಬಲ್ಯ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೂಲೆಯ ಅಂಗಡಿಯಿಂದ ಗಿರ್ಮಿಟ್ಟು, ಮಿರ್ಚಿ ಬಾರದಿದ್ದರೆ ಅವರ ರಿಪೋರ್ಟುಗಳು ಗಿಡ್ಡವಾಗುತ್ತಿದ್ದವು. ತಿಂದ ಕೈ ತೊಳೆಯದೆ ಫಿಲ್ಮು ಮುಟ್ಟಿದವರಿಗೆ ಮಾತ್ರ ಕ್ಷಮೆ ಇರಲಿಲ್ಲ. ಎಣ್ಣೆಯ ಬೆರಳಚ್ಚನ್ನು ಕ್ಷಯರೋಗವೆಂದು ಬರೆದ ಮಹಾನುಭಾವರೊಬ್ಬರ ಕಥೆಯನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಒಂದೊಂದು ಸಲ ಒಂದೊಂದು ಊರಿನವರನ್ನು ಮಹಾನುಭಾವರನ್ನಾಗಿ ಮಾಡುತ್ತಿದ್ದುದರಿಂದ ಕಥೆ ಎಷ್ಟು ಖರೆಯೋ ನಾನರಿಯೆ.

ಅವರು ಫಿಲ್ಮು ಓದುವ ರೀತಿಯೇ ಬೇರೆ. ಎದೆಯ ಎಕ್ಸರೇ ಕೊಟ್ಟರೆ ನಾವೆಲ್ಲ ಮೊದಲು ಪುಪ್ಪುಸ ನೋಡುತ್ತೇವೆ, ಆಮೇಲೆ ಹೃದಯ. ಬಾಯಾರು ಅಂಚಿನಿಂದ ಶುರು ಮಾಡುವರು. ನಾಲ್ಕು ಮೂಲೆ, ಭುಜದ ಎಲುಬು, ಕುತ್ತಿಗೆಯ ಬುಡ, ಕೆಳಗೆ ಹೊಟ್ಟೆಯ ನೆರಳು, ಎಲ್ಲ ಸುತ್ತಿ ಬಂದು ಕಡೆಗೆ ನಡುವಿಗೆ. ನನಗೆ ಮೊದಲು ಇದು ವೃಥಾ ಕಾಲಹರಣ ಅನಿಸುತ್ತಿತ್ತು. ಒಮ್ಮೆ ಅವರ ಜೊತೆ ಸೀರೆ ಅಂಗಡಿಗೆ ಹೋದ ಮೇಲೆ ಇದರ ಮೂಲ ಗೊತ್ತಾಯಿತು. ಅಂಗಡಿಯವನು ಇಳಕಲ್ ಸೀರೆಯ ಒಡಲನ್ನು ಹರವಿ ಹರವಿ ತೋರಿಸುತ್ತಿದ್ದರೆ ಇವರು ಅತ್ತ ನೋಡದೆ ಅಂಚಿನ ದಡಿಯನ್ನೇ ಬೆರಳಲ್ಲಿ ಉಜ್ಜುತ್ತಿದ್ದರು. "ನಡುವಿಂದು ಅಂವಾ ತೋರಸ್ತಾನ ತಮ್ಮಾ. ದಡಿ ನಾವ ನೋಡ್ಕೋಬೇಕು. ಫಿಲ್ಮೂ ಹಂಗ. ಡಾಕ್ಟರು ಕೇಳಿದ್ದಕ್ಕ ಉತ್ತರ ನಡುವ ಇರ್ತದ, ಅವರು ಕೇಳೂದು ಮರತದ್ದು ಅಂಚಿಗೆ ಇರ್ತದ."

ಇನ್ನೊಂದು ಪದ್ಧತಿ ಆ ಕ್ಲಿನಿಕ್ಕಿನಲ್ಲಿತ್ತು. ನಮ್ಮ ಕಡೆ ಎದೆಯ ಎಕ್ಸರೇಗೆ ಬರುವ ಲಿಂಗವಂತರ ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿರುತ್ತದೆ. ಅದು ಸರಿಯಾಗಿ ಎದೆಯ ನಡುವೆ ಬಂದು, ಫಿಲ್ಮಿನಲ್ಲಿ ನಿಂಬೆಹಣ್ಣಿನಷ್ಟು ಬಿಳಿಯ ಗುಂಡು ಮೂಡಿಸುತ್ತದೆ. ಬೇರೆ ಕಡೆಗಳಲ್ಲಿ ತೆಗೆದಿಡಿ ಎನ್ನುತ್ತಿದ್ದರು. ಮೈಯಿಂದ ಅಗಲಿಸಬಾರದೆನ್ನುವವರಿಗೆ ಅದೊಂದು ಸಂಕಟ. ಬಾಯಾರು ಹಾಗೆ ಯಾವತ್ತೂ ಕೇಳಲಿಲ್ಲ. "ದಾರಾ ಬೆರಳಿಗೆ ಸಿಗಿಸಿ, ಕೈ ಭುಜದ ಮ್ಯಾಲೆ ಎತ್ತಿ ಹಿಡೀರಿ, ದೇವರು ಬಾಜೂಕ ನಿಂದರಲಿ, ಅವನೂ ನೋಡಲಿ" ಎನ್ನುತ್ತಿದ್ದರು. ಇದರಿಂದ ಒಂದೊಂದು ಸಲ ಎತ್ತಿದ ಕೈ ಸರಿದು ಫಿಲ್ಮಿನೊಳಗೆ ಬಂದುಬಿಡುತ್ತಿತ್ತು. ಆಗ ಮತ್ತೊಂದು ತೆಗೆಯಬೇಕು. ಹಾಗೆ ಕೆಟ್ಟ ಒಂದು ಫಿಲ್ಮಿನ ಸಂಗತಿಯನ್ನೇ ನಾನು ಹೇಳಹೊರಟದ್ದು.

ಆ ಫಿಲ್ಮಿನವರು ಅಮರಗೋಳದ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ಸಾವಕಾರರು. ವಯಸ್ಸು ನಲವತ್ತರ ಆಸುಪಾಸು. ಎಡಗಾಲಿಗೆ, ಮೊಣಕಾಲಿನ ಕೆಳಗೆ, ಎಲುಬಿನಲ್ಲಿ ಗಂಟು ಎದ್ದಿತ್ತು. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಕೆಟ್ಟ ಗಡ್ಡೆ ಎಂದು ಬಂದಿತ್ತು. ಎಲುಬು ಬಹಳ ಹಾಳಾಗಿದೆ, ಕಾಲು ತೆಗೆಯುವುದೊಂದೇ ದಾರಿ ಎಂದು ಸರ್ಜನ್ ಹೇಳಿದ್ದರು. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್. ರಕ್ತದ ಪರೀಕ್ಷೆಗಳೆಲ್ಲ ಅಲ್ಲಿಯೇ ಆಗುವುದಿತ್ತು. ಗಡ್ಡೆ ಎದೆಗೆ ಹಬ್ಬಿದೆಯೋ ನೋಡಲು ಒಂದು ಎಕ್ಸರೇ ಮಾತ್ರ ಇಲ್ಲಿ ತೆಗೆಸಿ ಒಯ್ಯಬೇಕು. ಹೊರಗೆ ಬಾಡಿಗೆ ಜೀಪು ನಿಂತಿತ್ತು.

ಸಾವಕಾರರು ನಗುನಗುತ್ತ ಬಂದರು. ಹೆಂಡತಿಯ ಕಣ್ಣು ಮಾತ್ರ ಅತ್ತು ಊದಿತ್ತು. "ಬಾಯಾರ, ನಾ ಸಾಯೂದಕ್ಕ ಹೆದರಂಗಿಲ್ರಿ" ಎಂದರು ಅವರು. "ಆದ್ರ ಮುಂಜಾನೆದ್ದು ಪೂಜಾಕ್ಕ ಕಾಲು ಮಡಚಿ ಕೂಡಬೇಕು. ಅಂಗಡ್ಯಾಗ ಗಾದಿ ಮ್ಯಾಲೆ ಕಾಲು ಮಡಚಿ ಕೂಡಬೇಕು. ನನ್ನ ಜನ್ಮಾ ಎಲ್ಲಾ ಕುಂತು ಮಾಡೂ ಕೆಲಸಾರಿ. ಒಂದ ಕಾಲಿನ್ಯಾಗ ಕೂಡೂದು ಹೆಂಗಂತ ಯಾರೂ ಹೇಳವಲ್ಲರು."

ಬಾಯಾರು ಅವರ ತೋಳನ್ನೇ ನೋಡುತ್ತಿದ್ದರು. "ಯಾಕ ಇಷ್ಟು ತುರಿಸ್ಕೋತೀರಿ?" ಎಂದರು. ಸಾವಕಾರರು ಮಾತಾಡುತ್ತಲೇ ತೋಳು, ಬೆನ್ನು ಕೆರೆದುಕೊಳ್ಳುತ್ತಿದ್ದರು.

"ಮೆಣಸಿನಕಾಯಿ ದಂಧೇರಿ ಬಾಯಾರ! ತುರಿಸದ ಇರ್ತೈತೇನ್ರಿ? ಅಮರಗೋಳದಾಗ ನಾವು ಯಾರೂ ಸುಮ್ಮನ ಕೂಡಂಗಿಲ್ಲ."

ಅದು ನಗುವ ಮಾತೇ, ನಾನೂ ನಕ್ಕೆ. ಎಕ್ಸರೇ ತೆಗೆದೆವು. ತೊಳೆದು ತಂದಾಗ ನೋಡಿದರೆ ಲಿಂಗದ ದಾರ ಹಿಡಿದು ಎತ್ತಿದ ಕೈ ಸರಿದು, ಬೆರಳುಗಳು ಭುಜದ ಮೇಲಿನ ಕಪ್ಪು ಮೂಲೆಯಲ್ಲಿ ಬಂದು ಕೂತಿದ್ದವು. ಪುಪ್ಪುಸ ಸ್ವಚ್ಛವಾಗಿತ್ತು. ಸಂತೋಷದ ಸುದ್ದಿ, ಆದರೂ ಕೈ ಬಂದ ಫಿಲ್ಮನ್ನು ದೊಡ್ಡ ಆಸ್ಪತ್ರೆಗೆ ಕಳಿಸುವುದು ಚಂದವಲ್ಲವೆಂದು ಇನ್ನೊಂದು ತೆಗೆಯಲು ಹೊರಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಆ ಬೇಸಿಗೆಯಲ್ಲಿ ಕರೆಂಟು ಇದ್ದರೇ ಸುದ್ದಿ. ಬಾಯಾರು ನೀರು ಸೋರುತ್ತಿದ್ದ ಆ ಕೆಟ್ಟ ಫಿಲ್ಮನ್ನೇ ಕ್ಲಿಪ್ಪಿನ ಸಮೇತ ಹಿಡಿದು ಅಂಗಳಕ್ಕೆ ನಡೆದರು. ಬಿಸಿಲಿಗೆ ಎತ್ತಿದರು. ಕರ್ರಗಿದ್ದ ಮೂಲೆ ಆ ಬಿಸಿಲಿನಲ್ಲಿ ತಿಳಿಯಾಯಿತು. ಅವರು ಎಂದಿನಂತೆ ಮೂಲೆಯಿಂದಲೇ ಶುರು ಮಾಡಿದರು, ಅಲ್ಲಿಯೇ ನಿಂತರು.

"ತಮ್ಮಾ, ಲಗೂ ಬರ್ರಿ ಇಲ್ಲೆ."

ನಮ್ಮ ನಿಮ್ಮ ಬೆರಳಿನ ಎಲುಬಿಗೆ ಸೀಸದ ಕಡ್ಡಿಯಿಂದ ಎಳೆದಂಥ ನುಣ್ಣನೆಯ ಗೆರೆ ಇರುತ್ತದೆ. ಸಾವಕಾರರ ತೋರುಬೆರಳು ಮತ್ತು ನಡುಬೆರಳಿನ ನಡು ಎಲುಬಿನಲ್ಲಿ, ಹೆಬ್ಬೆರಳಿನ ಕಡೆಯ ಬದಿಗೆ, ಆ ಗೆರೆಯೇ ಇರಲಿಲ್ಲ. ಇಲಿ ಕಡಿದ ರೊಟ್ಟಿಯ ಅಂಚಿನ ಹಾಗೆ ಸಣ್ಣಗೆ ತಿಂದುಹೋಗಿತ್ತು. ಬಾಯಾರ ಬೆರಳು ಅಲ್ಲಿಂದ ಕೊರಳೆಲುಬಿಗೆ ಸರಿಯಿತು. ಅದರ ಹೊರ ತುದಿಯೂ ಸವೆದಿತ್ತು. ಪುಸ್ತಕದಲ್ಲಿ ಇದನ್ನು ನಾನೂ ಓದಿದ್ದೆ: ಮೂತ್ರಪಿಂಡ ಬಹಳ ಕಾಲದಿಂದ ಕೆಟ್ಟವರ ಎಲುಬು ಹೀಗೆ ಸವೆಯುತ್ತದೆ, ಅಂಥವರಿಗೆ ಎಲುಬಿನಲ್ಲಿ ಗಂಟೂ ಏಳುತ್ತದೆ, ಆ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಗಡ್ಡೆಯ ಹಾಗೆಯೇ ಕಾಣುತ್ತದೆ. ಚೂರು ನೋಡಿದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಕರೆಂಟು ಬಂದ ಮೇಲೆ ಎರಡೂ ಕೈಗಳ, ಬೆನ್ನಿನ ಎಕ್ಸರೇ ತೆಗೆದೆವು. ಬೆನ್ನೆಲುಬಿನ ಒಂದೊಂದು ಮಣಿಯ ಮೇಲೂ ಕೆಳಗೂ ಬಿಳಿಯ ಪಟ್ಟಿ, ನಡುವೆ ಮಸುಕು, ಅದೂ ಮೂತ್ರಪಿಂಡ ಕೆಟ್ಟದ್ದರ ಗುರುತೇ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಯಾವುದೋ ಆಟದವರ ಅಂಗಿಯ ಹೋಲಿಕೆ ಕೊಡುತ್ತವೆ. "ಆ ಅಂಗಿ ನಾ ನೋಡಿಲ್ಲ, ನೀವೂ ನೋಡಿಲ್ಲ" ಎಂದರು ಬಾಯಾರು, "ಪಟ್ಟಾಪಟ್ಟಿ ಚಡ್ಡಿ ಅನ್ರಿ, ಹುಬ್ಬಳ್ಳಿ ಮಂದಿಗೆ ಥಟ್ಟನೆ ತಿಳೀತದ."

ತಮಾಷೆ ಅಲ್ಲಿಗೆ ಮುಗಿಯಿತು. ಸರ್ಜನ್ನರಿಗೆ ಫೋನು ಹಚ್ಚಿದರು. ಆ ಕಡೆಯ ದನಿ ನನಗೂ ಕೇಳುವಷ್ಟು ಏರಿತು. ಎದೆಯ ಫೋಟೋ ಕೇಳಿದರೆ ಬೆರಳಿನ ವರದಿ ಯಾಕೆ, ನಿಮ್ಮಿಂದ ತಡವಾಗಿ ಗಡ್ಡೆ ಹಬ್ಬಿದರೆ ಹೊಣೆ ಯಾರು ಎಂದು ಅವರ ಪ್ರಶ್ನೆ. ಅದು ತಪ್ಪು ಪ್ರಶ್ನೆಯೂ ಆಗಿರಲಿಲ್ಲ. ಬಾಯಾರು ಒದರಲಿಲ್ಲ. "ಹೊಣಿ ನಂದರಿ ಸಾಹೇಬರ. ರಕ್ತದ ರಿಪೋರ್ಟ್ ಬರೂತನಾ ತಡೀರಿ. ಕಾಲು ಎಲ್ಲಿಗೂ ಓಡಿ ಹೋಗಂಗಿಲ್ಲ. ನೀವು ಕೊಯ್ದ್ರ ತಿರುಗಿ ಬರಂಗೂ ಇಲ್ಲ." ಸರ್ಜನ್ನರು, ಆಗಲಿ, ರಕ್ತ ಹುಬ್ಬಳ್ಳಿಯಲ್ಲೇ ಪರೀಕ್ಷೆ ಮಾಡಿಸಿ ಎಂದರು. ಒಳ್ಳೆಯ ಮನುಷ್ಯ.

ಜೀಪು ವಾಪಸು ಹೋಯಿತು. ಬಾಯಾರು ಅವತ್ತು ಗಿರ್ಮಿಟ್ಟು ಮುಟ್ಟಲಿಲ್ಲ. "ನಾ ತಪ್ಪಿದ್ದ್ರ ತಮ್ಮಾ, ಆ ಮನಶ್ಯಾನ ಜೀವಾನ ತಗದಂಗಾಗತದ" ಎಂದರು. ಅವರು ಹೆದರಿದ್ದನ್ನು ನಾನು ಅದೇ ಮೊದಲು ಕಂಡದ್ದು.

ರಿಪೋರ್ಟು ಮರುದಿನ ಬಂತು. ಬಾಯಾರು ಹೇಳಿದ್ದೇ ಖರೆ. ಮೂತ್ರಪಿಂಡಗಳು ಎಷ್ಟು ಕೆಟ್ಟಿದ್ದವೆಂದರೆ ಆ ಮನುಷ್ಯ ನಡೆದಾಡಿಕೊಂಡಿದ್ದುದೇ ಆಶ್ಚರ್ಯ. ಮೈಯ ತುರಿಕೆ ಮೆಣಸಿನಕಾಯಿಯದಾಗಿರಲಿಲ್ಲ, ಕೆಟ್ಟ ರಕ್ತದ್ದಾಗಿತ್ತು. ಆದರೆ ಅಮರಗೋಳದಲ್ಲಿ ತುರಿಸಿಕೊಳ್ಳುವವನನ್ನು ಯಾರು ಡಾಕ್ಟರ ಬಳಿ ಕಳಿಸುತ್ತಾರೆ?

ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಬಾಯಾರು ವಿವರಿಸಿದರು. "ರಕ್ತಕ್ಕ ಸುಣ್ಣಾ, ಅಂದ್ರ ಕ್ಯಾಲ್ಸಿಯಂ, ಬೇಕು ಸಾವಕಾರ್ರ. ಕಿಡ್ನಿ ಕೆಟ್ಟ್ರ ಅದು ಕಡಿಮಿ ಬೀಳತದ. ಆಗ ಕುತ್ತಿಗ್ಯಾಗಿನ ಸಣ್ಣ ಸಣ್ಣ ಗ್ರಂಥಿ ಏನ ಮಾಡತಾವ, ಎಲುಬಿನಾಗಿಂದು ಕಿತ್ತು ರಕ್ತಕ್ಕ ಹಾಕತಾವ. ಮಾಳಗಿ ಸೋರ್ತದಂತ ಗ್ವಾಡಿ ಮಣ್ಣು ಕೆದರಿ ಮ್ಯಾಲೆ ಹಾಕಿದಂಗ. ನಿಮ್ಮ ಕಾಲಿನ ಗಂಟು ಅಂಥಾ ಒಂದು ತೆಗ್ಗು. ಅದು ಕ್ಯಾನ್ಸರ್ ಅಲ್ಲ. ಕುತ್ತಿಗ್ಯಾಗಿನ ಗ್ರಂಥಿ ತಗದ್ರ ತೆಗ್ಗು ತುಂಬತದ, ಕಾಲು ಉಳೀತದ. ಆದ್ರ ಕಿಡ್ನಿ ಹೋದ್ವು. ಅವು ಬರಂಗಿಲ್ಲ. ಜೀವಾ ಇರೂತನಾ ಮಷೀನಿನ್ಯಾಗ ರಕ್ತಾ ತೊಳಸಬೇಕು."

ಸಾವಕಾರರು ಬಾಗಿ ಎಡಗಾಲಿನ ಗಂಟನ್ನು ಮುಟ್ಟಿ ನೋಡಿಕೊಂಡರು. "ಅಲ್ರಿ ಬಾಯಾರ, ನಾ ಕಾಲು ಉಳೀತಂತ ನಗಲ್ಯೋ, ಕಿಡ್ನಿ ಹೋದ್ವಂತ ಅಳಲ್ಯೋ?"

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಮೊದಲ ಕಾಲಿಂದ ನಗ್ರಿ. ಅಳೂದೇನು, ಅದಕ್ಕ ಟೈಮ್ ಐತಿ."

ಬಾಯಾರು ಎದ್ದು ಹೋಗಿ ಆಕೆಯ ಬೆನ್ನು ತಟ್ಟಿದರು. "ಈಕಿ ಮಾತು ಕೇಳಕೊಂಡು ಇರ್ರಿ, ನಮ್ಮ ಔಷಧಾ ಎಲ್ಲಾ ಆಮ್ಯಾಲಿಂದು."

ಮುಂದೆ ಸಾವಕಾರರ ಕುತ್ತಿಗೆಯ ಆಪರೇಷನ್ ಆಯಿತು. ಮಾರುಕಟ್ಟೆಯಲ್ಲಿ ಇದು ದೊಡ್ಡ ಚರ್ಚೆಗೆ ಬಂತು. ಕಾಲಿನ ಗಂಟಿಗೆ ಕುತ್ತಿಗೆ ಕೊಯ್ದರಂತೆ, ಇನ್ನು ತಲೆನೋವಿಗೆ ಹೋದರೆ ಏನೇನು ಕೊಯ್ದಾರೋ ಎಂದು ಹಮಾಲರು ಕೂಡ ಕೊರಳು ಮುಟ್ಟಿಕೊಂಡು ನಗುತ್ತಿದ್ದರಂತೆ. ಸಾವಕಾರರೇ ಬಂದು ಇದನ್ನು ಅಭಿನಯಿಸಿ ತೋರಿಸಿದರು. ಅವರ ಕಾಲಿನ ತಗ್ಗು ತಿಂಗಳು ತಿಂಗಳಿಗೆ ತುಂಬಿಕೊಂಡು ಬಂದುದನ್ನು ನಾವು ಎಕ್ಸರೇಯಲ್ಲಿ ನೋಡಿದೆವು. ಮೊದಲು ಮಂಜಿನ ಹಾಗೆ ಬೆಳ್ಳಗೆ, ಆಮೇಲೆ ಗಟ್ಟಿಯಾಗಿ. ಹಳೆಯ ಫಿಲ್ಮು ಹೊಸ ಫಿಲ್ಮು ಅಕ್ಕಪಕ್ಕ ತೂಗುಹಾಕಿ ಬಾಯಾರು ಮಗಳ ಮದುವೆಯ ಆಲ್ಬಮ್ ತೋರಿಸುವವರಂತೆ ಬಂದ ಡಾಕ್ಟರಿಗೆಲ್ಲ ತೋರಿಸುತ್ತಿದ್ದರು. ಆ ಸರ್ಜನ್ನರಂತೂ ಬಂದು ನೋಡಿ, "ಬಾಯಾರ, ಇನ್ನ ಮುಂದ ನನ್ನ ಪೇಷಂಟ್ ಯಾರ ಬಂದ್ರೂ ಕೈ ಎತ್ತಿಸೇ ತಗೀರಿ" ಎಂದರು.

ಸಾವಕಾರರು ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಹೋಗುವರು, ಉಳಿದ ದಿನ ಗಾದಿಯ ಮೇಲೆ ಕಾಲು ಮಡಚಿ ಕೂತು ಮೆಣಸಿನಕಾಯಿ ಮಾರುವರು. ನೀರು ಅಳೆದು ಕುಡಿಯಬೇಕು, ಬಾಳೆಹಣ್ಣು ಮುಟ್ಟುವಂತಿಲ್ಲ. ಸುಖದ ಬದುಕಲ್ಲ ಅದು. ಬೆಳಿಗ್ಗೆ ಮಾತ್ರ ಪೂಜೆಗೆ ಕೂತರೆ ಏಳುವುದೇ ಇಲ್ಲವೆಂದು ಹೆಂಡತಿಯ ದೂರು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಚೀಲ ಹೊರಿಸಿಕೊಂಡು ಕ್ಲಿನಿಕ್ಕಿಗೆ ಬರುವರು. ಆವತ್ತು ಅಲ್ಲಿ ಯಾರಿಗೂ ಉಸಿರು ಹಿಡಿಯಲು ಆಗುತ್ತಿರಲಿಲ್ಲ, ಎಲ್ಲರಿಗೂ ಸೀನು. ಬಾಯಾರು ಬೈಯುವರು, ಬೈಯುತ್ತಲೇ ಚೀಲವನ್ನು ಮೇಲಿನ ಮನೆಗೆ ಸಾಗಿಸುವರು.

ಈ ನಡುವೆ ಕಂಪ್ಯೂಟರಿನ ಎಕ್ಸರೇ ಬಂತು. ನಾನೇ ಹಟ ಮಾಡಿ ತರಿಸಿದೆ. ಬಾಯಾರು ಅದರ ಮುಂದೆ ಮುಖ ಗಂಟಿಕ್ಕಿಕೊಂಡು ಕೂತರು. ಯಂತ್ರವು ಬೇಡದ ಭಾಗವನ್ನು ತಾನೇ ಕತ್ತರಿಸಿ ನಡುವನ್ನು ದೊಡ್ಡದು ಮಾಡಿ ತೋರಿಸುತ್ತಿತ್ತು. "ಬ್ಯಾಡಾದ್ದು ಅಂತ ಇದಕ್ಕ ಹೇಳಿದವರ್ಯಾರು?" ಎಂದು ಕೇಳಿದರು. ಕಂಪನಿಯ ಹುಡುಗ ಬಂದು, ಕತ್ತರಿಸದ ಹಾಗೆ ಬದಲಿಸಿಕೊಟ್ಟು, ಹುಬ್ಬಳ್ಳಿಯಲ್ಲಿ ಇದನ್ನು ಕೇಳಿದವರು ನೀವೊಬ್ಬರೇ ಎಂದು ಹೇಳಿಹೋದ. ಅದನ್ನವರು ಹೊಗಳಿಕೆಯೆಂದೇ ತೆಗೆದುಕೊಂಡರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಸಾವಕಾರರ ಹೃದಯ ಸೋತಿತು. ಅಷ್ಟು ಕಾಲ ಮಷೀನಿನ ಮೇಲೆ ಬದುಕಿದವರಲ್ಲಿ ಅದು ಹೊಸದಲ್ಲ. ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂತು. ಬಾಯಾರು ಪೇಷಂಟುಗಳ ಮನೆಗೆ ಹೋಗುವವರಲ್ಲ. ಹೋಗುತ್ತ ಕೂತರೆ ದಿನಾ ಹೋಗಬೇಕಾಗುತ್ತದೆ ಎಂದು ನನಗೂ ಹೇಳಿಕೊಟ್ಟಿದ್ದರು. ಅವತ್ತು ಕೈಯಲ್ಲಿದ್ದ ಕೆಲಸ ಮುಗಿಸಿ, ಏಪ್ರನ್ ತೆಗೆದಿಟ್ಟು, "ತಮ್ಮಾ, ಗಾಡಿ ತಗೀರಿ" ಎಂದರು.

ಲಿಂಗವಂತರ ಪದ್ಧತಿಯಂತೆ ಪಡಸಾಲೆಯಲ್ಲಿ ಸಾವಕಾರರನ್ನು ಗೋಡೆಗೊರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳು ತುಂಬ ಹೂವು. ಒಂದು ಮೂಲೆಯಲ್ಲಿ ಭಜನೆ ನಡೆದಿತ್ತು. ಬಾಯಾರಿಗೆ ಯಾರೋ ಕುರ್ಚಿ ತಂದು ಹಾಕಿದರು. ಅವರಿಗೆ ಮೊಣಕಾಲು ಬೇನೆ, ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಆದರೂ ಕುರ್ಚಿಯನ್ನು ಸರಿಸಿ, ನನ್ನ ಭುಜ ಹಿಡಿದು, ಸಾವಕಾರರ ಎದುರಿಗೆ ನೆಲದ ಮೇಲೆಯೇ ಕುಳಿತರು. ಕೈಚಾಚಿ, ಎಡಗಾಲಿನ ಮೇಲೆ, ಮೊಣಕಾಲಿನ ಕೆಳಗೆ, ಒಂದು ಕಾಲಕ್ಕೆ ಗಂಟಿದ್ದ ಜಾಗದ ಮೇಲೆ ಅಂಗೈ ಇಟ್ಟರು. ಆಮೇಲೆ ಯಾರ ಮುಲಾಜೂ ಇಲ್ಲದೆ ಜೋರಾಗಿ ಅತ್ತುಬಿಟ್ಟರು. ನಾನೂ ಅತ್ತೆ.

ಸಾವಕಾರರ ಹೆಂಡತಿ ಒಳಗಿನಿಂದ ಬಂದು ಬಾಯಾರ ಪಕ್ಕದಲ್ಲಿ ಕೂತು ಅವರ ಇನ್ನೊಂದು ಕೈ ಹಿಡಿದುಕೊಂಡರು.

"ನೋಡ್ರಿ ಬಾಯಾರ, ಎರಡೂ ಕಾಲು ಮಡಚಿ ಹೆಂಗ ಕುಂತಾರ. ಬ್ಯಾರೆ ಯಾರಿಗೂ ಮುಟ್ಟಾಕ ಕೊಡಲಿಲ್ಲರಿ. ನನ್ನ ಕೈಯಾರೆ ನಾನೇ ಮಡಚೇನಿ."